ಶುಗರ್ ವಹಿಯಲ್ಲಿ ಮನಸ್ಸಿಗೂ ಒಂದು ಕಾಲಂ

ನಾನು ಲೆಕ್ಕ ಬರೆಯುವವನು, ಮುನೀಮ. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷದಿಂದ ಗಾದಿ ಮೇಲೆ ಕೂತಿದ್ದೇನೆ. ತೊಗರಿ ಎಷ್ಟು ಕ್ವಿಂಟಲ್ ಬಂತು, ಬೇಳೆ ಎಷ್ಟಾಯಿತು, ಚುನ್ನಿ ಎಷ್ಟು, ಹಮಾಲರ ಕೂಲಿ ಎಷ್ಟು. ಸಂಜೆ ವಹಿ ತಾಳೆ ಆಗದಿದ್ದರೆ ನನಗೆ ಊಟ ಸೇರುವುದಿಲ್ಲ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಕೂತು ಹುಡುಕುತ್ತೇನೆ. ಅಂಥವನು ನನ್ನ ಮೈಯ ಲೆಕ್ಕದಲ್ಲೇ ಎರಡು ವರ್ಷ ತಪ್ಪು ಮಾಡಿದೆ. ಜಮಾ ಬರೆದು ಖರ್ಚು ಬಿಟ್ಟ ಹಾಗೆ, ಒಂದೇ ಬದಿ ಬರೆಯುತ್ತಿದ್ದೆ.

46ನೇ ವಯಸ್ಸಿಗೆ ಶುಗರ್ ಬಂತು. ಮೊದಲ ನಾಲ್ಕು ವರ್ಷ ಗುಳಿಗೆಯಲ್ಲೇ ಚೆನ್ನಾಗಿ ನಡೆಯಿತು. ಆಮೇಲೆ ಏರತೊಡಗಿತು. ಗುಳಿಗೆ ಎರಡಾಯಿತು, ಮೂರಾಯಿತು, ರಾತ್ರಿ ಇನ್ಸುಲಿನ್ ಸೂಜಿಯೂ ಬಂತು. ಆದರೂ ಮೂರು ತಿಂಗಳ ಶುಗರ್, ಅಂದರೆ ಎಚ್‌ಬಿಎ1ಸಿ, 10.4ಕ್ಕೆ ನಿಂತಿತು. ಆಗ ನಾನು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ ಪ್ರತಿ ಸಲ ಒಂದೇ ಮಾತು: "ನೀವು ಪಥ್ಯ ಮಾಡ್ತಾ ಇಲ್ಲ." ನಾನು ತಲೆ ಆಡಿಸಿ ಎದ್ದು ಬರುತ್ತಿದ್ದೆ.

ನಾನೇನು ಜಿಲೇಬಿ ತಿನ್ನುತ್ತಾ ಕೂತಿರಲಿಲ್ಲ. ಸುಮ್ನೆ ಕೂತಿರುತ್ತಿದ್ದೆ, ಅಷ್ಟೆ. ಮಿಲ್ಲಿನಿಂದ ಬಂದು ಪಡಸಾಲೆಯಲ್ಲಿ ಲೈಟ್ ಹಚ್ಚದೆ ಕೂರುತ್ತಿದ್ದೆ. ಗುಳಿಗೆ ಡಬ್ಬಿ ಎದುರಿಗೇ ಇದ್ದರೂ ಕೈ ಹೋಗುತ್ತಿರಲಿಲ್ಲ. ಊಟದ ಹೊತ್ತಿಗೆ ಹಸಿವಿಲ್ಲ. ರಾತ್ರಿ ಹನ್ನೊಂದಕ್ಕೆ ಎದ್ದು ಏನು ಸಿಕ್ಕರೆ ಅದು. ಹೆಂಡತಿ ಬಂದು, "ಏನ್ರಿ, ಲೈಟ್ ಯಾಕ ಹಚ್ಚಿಲ್ಲ? ಏನಾಗ್ಯಾದ ನಿಮಗ?" ಅನ್ನುತ್ತಿದ್ದಳು. "ಏನಿಲ್ಲ. ಶುಗರ್ ಜಾಸ್ತಿ ಆಗ್ಯಾದ" ಅನ್ನುತ್ತಿದ್ದೆ. ಎಲ್ಲವನ್ನೂ ಶುಗರಿನ ಖಾತೆಗೇ ಹಾಕುತ್ತಿದ್ದೆ.

ಕಡೆಗೆ ಹಿಡಿದವನು ನಮ್ಮ ಮಿಲ್ಲಿನ ಹಮಾಲ. ನನಗಿಂತ ಹತ್ತು ವರ್ಷ ದೊಡ್ಡವನು. ಒಂದು ದಿನ ಚೀಲದ ಎಣಿಕೆಯಲ್ಲಿ ಎರಡು ಕಡಿಮೆ ಬಿತ್ತು. ನಾನು "ಇರಲಿ ಬಿಡು" ಅಂದೆ. ಅವನು ಹೋಗಲಿಲ್ಲ, ಅಲ್ಲೇ ನಿಂತ. "ಸಾಹೇಬ್ರ, ನೀವು ಈಗೀಗ ನಮಗ ಬೈಯೋದೇ ಬಿಟ್ಟೀರಲ್ರಿ. ಆರಾಮ್ ಇದ್ದೀರಿಲ್ಲೋ?" ಅಂದ. ಆವತ್ತು ರಾತ್ರಿ ಎಣಿಸಿ ನೋಡಿದೆ. ನಾನು ಕಡೆಯ ಸಲ ಯಾರಿಗಾದರೂ ಬೈದು, ನಕ್ಕು, ಜಗಳ ಆಡಿ ಎಷ್ಟು ದಿನ ಆಯಿತು? ನೆನಪೇ ಬರಲಿಲ್ಲ.

ಆಮೇಲೆ ನಾನು ಏನೇನು ಮಾಡಿದೆ, ಶುಗರ್ ಇರುವ ನೀವು ಅಥವಾ ನಿಮ್ಮ ಮನೆಯವರು ಏನು ಮಾಡಬಹುದು ಅನ್ನುವುದು ಈ ಬರಹ. ನಾನು ಡಾಕ್ಟರ್ ಅಲ್ಲ. ಗುಳಿಗೆ ಕೊಡುವುದು, ಬಿಡಿಸುವುದು ಅವರ ಕೆಲಸ. ಅವರ ಮುಂದೆ ಸರಿಯಾದ ಲೆಕ್ಕ ಇಡುವುದು ನಮ್ಮ ಕೆಲಸ.

ಯಾವುದು ಮೊದಲು?

ನಮ್ಮ ಕಡೆ "ಚಿಂತಿ ಮಾಡಿ ಮಾಡಿ ಶುಗರ್ ಬಂತು" ಅನ್ನುತ್ತಾರೆ. ಓದಿದವರು ಇದನ್ನು ಕೇಳಿ ನಗುತ್ತಾರೆ. ಪೂರ್ತಿ ನಗುವ ಮಾತಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲಿಸ್ ಕೂಡ ಬಹಳ ದಿನದ ದುಃಖದಿಂದ ಈ ಕಾಯಿಲೆ ಬರುತ್ತದೆ ಎಂದು ಬರೆದಿದ್ದ. ಬರೀ ದುಃಖದಿಂದಲೇ ಬರುತ್ತದೆ ಅನ್ನುವುದು ತಪ್ಪು. ಮನೆತನ, ತೂಕ, ವಯಸ್ಸು, ಕೂತು ಮಾಡುವ ಕೆಲಸ, ಎಲ್ಲ ಸೇರುತ್ತವೆ. ಆದರೆ ಖಿನ್ನತೆ ಇರುವವರಿಗೆ ಟೈಪ್ 2 ಶುಗರ್ ಬರುವ ಸಂಭವ ಸ್ವಲ್ಪ ಜಾಸ್ತಿ. ಶುಗರ್ ಇರುವವರಲ್ಲಿ ಖಿನ್ನತೆ, ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಅಂದರೆ ದಾರಿ ಎರಡೂ ಕಡೆಯಿಂದ ಇದೆ.

ಒಳಗೆ ನಡೆಯುವುದು ಹೀಗೆ. ಮನಸ್ಸು ಬಹಳ ದಿನ ಒತ್ತಡದಲ್ಲಿದ್ದರೆ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ರಸ ಹೆಚ್ಚುತ್ತದೆ. ಅದು ಯಕೃತ್ತಿನಿಂದ ರಕ್ತಕ್ಕೆ ಸಕ್ಕರೆ ಬಿಡಿಸುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಕಣ್ಣಿಗೆ ಕಾಣುವಂಥದ್ದು. ಬೇಸರ ಹತ್ತಿದವನು ನಡೆಯಲು ಹೋಗುವುದಿಲ್ಲ, ಗುಳಿಗೆ ಬಿಡುತ್ತಾನೆ, ಹೊತ್ತಿಲ್ಲದ ಹೊತ್ತಿಗೆ ತಿನ್ನುತ್ತಾನೆ. ಶುಗರ್ ಏರುತ್ತದೆ. ಏರಿದ ಶುಗರ್ ಮೈಯನ್ನು ದಣಿಸುತ್ತದೆ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಎಬ್ಬಿಸುತ್ತದೆ. ನಿದ್ದೆ ಇಲ್ಲದ ಮನುಷ್ಯ ಇನ್ನಷ್ಟು ಬೇಸರ ಮಾಡಿಕೊಳ್ಳುತ್ತಾನೆ. ಸಾಲದ ಬಡ್ಡಿಗೆ ಬಡ್ಡಿ ಬೆಳೆದ ಹಾಗೆ.

ನಮ್ಮೂರಲ್ಲಿ ಇದಕ್ಕೆ ಹೆಸರಿಲ್ಲ

ಖಿನ್ನತೆ ಅನ್ನುವುದು ಪೇಪರಿನ ಮಾತು. ಗಂಜಿನಲ್ಲಿ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಯಲ್ಲಿ, ಯಾರೂ "ನನಗೆ ಖಿನ್ನತೆ" ಅನ್ನುವುದಿಲ್ಲ. "ಜೀವಕ್ಕ ಬ್ಯಾಸರ ಆಗ್ಯಾದ", "ಎದಿ ಭಾರ ಆಗ್ಯಾದ", "ತಲಿ ಜಡ ಅದ", "ಯಾವುದರಾಗೂ ಮನಸಿಲ್ಲ" ಅನ್ನುತ್ತಾರೆ. ಗಂಡಸರು ಅದನ್ನೂ ಅನ್ನುವುದಿಲ್ಲ, ಸಿಟ್ಟು ಮಾಡುತ್ತಾರೆ ಅಥವಾ ಸುಮ್ಮನಾಗುತ್ತಾರೆ. ಹೆಂಗಸರು ಮೈ ಕೈ ನೋವು ಅನ್ನುತ್ತಾರೆ. ಹಾಗಾಗಿ "ನಿಮಗೆ ಖಿನ್ನತೆ ಇದೆಯಾ" ಎಂದು ಕೇಳಿದರೆ "ಇಲ್ಲ" ಅನ್ನುವುದೇ ಉತ್ತರ. ಕೇಳುವ ರೀತಿ ಬೇರೆ ಇರಬೇಕು.

ಮೊದಲು ಶುಗರ್ ನೋಡುವ ಮೀಟರ್ ತೆಗೆಯಿರಿ. ಇದನ್ನು ಮರೆಯಬೇಡಿ. ಮೈ ನಡುಗುವುದು, ಬೆವರು, ಎದೆ ಢವಢವ, ಕಾರಣ ಇಲ್ಲದ ಗಾಬರಿ, ಇದು ಶುಗರ್ ಇಳಿದಿದ್ದರಿಂದಲೂ ಬರುತ್ತದೆ. 70ಕ್ಕಿಂತ ಕೆಳಗಿದ್ದರೆ ಮನಸ್ಸಿನ ವಿಚಾರ ಆಮೇಲೆ. ಮೂರು ಚಹಾ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ. ಮಿರ್ಚಿ ಭಜ್ಜಿ ತಿಂದರೆ ಆಗದು. ಎಣ್ಣೆ ಇದ್ದದ್ದು ಸಕ್ಕರೆಯನ್ನು ಬೇಗ ರಕ್ತಕ್ಕೆ ಬಿಡುವುದಿಲ್ಲ. ನಮ್ಮ ಮಿಲ್ಲಿನ ಒಬ್ಬ ಡ್ರೈವರ್ ಹೀಗೆ ಭಜ್ಜಿ ತಿಂದು, ನಡುಕ ಕಮ್ಮಿ ಆಗದೆ, ತನಗೆ ಹಾರ್ಟ್ ಅಟ್ಯಾಕ್ ಅಂತ ತಿಳಿದು ಅರ್ಧ ಊರು ಎಬ್ಬಿಸಿದ್ದ.

ಮೀಟರಿನಲ್ಲಿ ತೊಂದರೆ ಇಲ್ಲದಿದ್ದರೆ ಮುಂದಿನ ಎರಡು ಪ್ರಶ್ನೆ ಕೇಳಿಕೊಳ್ಳಿ. ಹೋದ ಹದಿನೈದು ದಿನದಲ್ಲಿ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸದಲ್ಲಿ ರುಚಿ ಹೋಗಿದೆಯಾ? ಮನಸ್ಸು ಕುಗ್ಗಿ, ಮುಂದೆ ಏನೂ ಇಲ್ಲ ಅನ್ನಿಸಿದೆಯಾ? ಪ್ರತಿಯೊಂದಕ್ಕೂ ಅಂಕ ಹಾಕಿ. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಜಾಸ್ತಿ ದಿನ 2, ಹೆಚ್ಚುಕಡಿಮೆ ದಿನಾಲೂ 3. ಎರಡೂ ಸೇರಿ 3 ಅಥವಾ ಜಾಸ್ತಿ ಬಂದರೆ ಪೂರ್ತಿ ಒಂಬತ್ತು ಪ್ರಶ್ನೆಗೆ ಹೋಗಬೇಕು. ಇದಕ್ಕೆ ಡಾಕ್ಟರುಗಳು ಪಿಎಚ್‌ಕ್ಯೂ-9 ಅನ್ನುತ್ತಾರೆ. ಉಳಿದ ಏಳು ಇವು: ನಿದ್ದೆ, ದಣಿವು, ಹಸಿವು, ನನ್ನಿಂದ ಎಲ್ಲರಿಗೂ ತೊಂದರೆ ಅನ್ನುವ ಭಾವ, ಗಮನ ನಿಲ್ಲದಿರುವುದು, ಮಾತು ನಡೆ ನಿಧಾನ ಆಗುವುದು ಅಥವಾ ಚಡಪಡಿಕೆ, ಮತ್ತೆ ಕಡೆಯದು ಸಾವಿನ ವಿಚಾರ. ಒಟ್ಟು 27 ಅಂಕ. 5ರಿಂದ 9 ಸ್ವಲ್ಪ, 10 ಮುಟ್ಟಿದರೆ ಡಾಕ್ಟರ ಹತ್ತಿರ ಹೋಗಲೇಬೇಕು, 20 ಮುಟ್ಟಿದರೆ ತಡ ಮಾಡಬಾರದು. ಮೊದಲ ಸಲ ನನ್ನದು 16.

ಇಲ್ಲಿ ಶುಗರಿನವರಿಗೆ ಒಂದು ತೊಡಕಿದೆ. ನಿದ್ದೆ, ದಣಿವು, ಹಸಿವು, ಗಮನ, ಈ ನಾಲ್ಕೂ ಬರೀ ಶುಗರ್ ಏರಿದರೂ ಕೆಡುತ್ತವೆ. ಅದಕ್ಕೇ ಅಂಕ ಬಿದ್ದ ಮೇಲೆ ಅದು ಎಲ್ಲಿಂದ ಬಿತ್ತು ನೋಡಿ. ರುಚಿ ಹೋಗಿದ್ದು, ಮನಸ್ಸು ಕುಗ್ಗಿದ್ದು, "ನಾನು ಯಾರಿಗೂ ಬೇಡದವನು" ಅನ್ನುವುದು, ಈ ಕಡೆಯಿಂದ ಬಿದ್ದಿದ್ದರೆ ಅದನ್ನು ಶುಗರಿನ ಖಾತೆಗೆ ಹಾಕಬೇಡಿ. ಶಾಲೆಯ ಪರೀಕ್ಷೆಯ ಹಾಗೆ ಇದರಲ್ಲಿ ಪಾಸು ಫೇಲು ಇಲ್ಲ. ಡಾಕ್ಟರ ಜೊತೆ ಮಾತು ಶುರು ಮಾಡಲು ಒಂದು ಚೀಟಿ, ಅಷ್ಟೆ.

ಒಂಬತ್ತನೆಯ ಪ್ರಶ್ನೆಗೆ 0 ಬಿಟ್ಟು ಬೇರೆ ಏನೇ ಬಂದರೂ ಈ ಬರಹ ಓದುವುದನ್ನು ಇಲ್ಲಿಗೆ ನಿಲ್ಲಿಸಿ. ಇವತ್ತೇ ಯಾರಿಗಾದರೂ ಹೇಳಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡಿಲ್ಲ, ಇಡೀ ದಿನ ಇಡೀ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಈಗಲೇ ಇದ್ದರೆ 112. ಮನೆಯವರಿಗೆ ಗೊತ್ತಾದರೆ ಆ ಮನುಷ್ಯನನ್ನು ಒಬ್ಬನೇ ಬಿಡಬೇಡಿ. ಗುಳಿಗೆ, ಇನ್ಸುಲಿನ್ ಬೇರೆಯವರ ಕೈಯಲ್ಲಿರಲಿ, ಆ ಆ ಹೊತ್ತಿಗೆ ಬೇಕಾದಷ್ಟು ಕೊಡಿ. ಹೊಲಕ್ಕೆ ತಂದ ಔಷಧಿ ಮನೆಯಲ್ಲಿದ್ದರೆ ಹೊರಗೆ ಸಾಗಿಸಿ. "ಇಂಥ ವಿಚಾರ ಬರ್ತದೇನು?" ಎಂದು ನೇರ ಕೇಳಿದರೆ ವಿಚಾರ ಹುಟ್ಟುತ್ತದೆ ಎಂದು ಹೆದರುತ್ತಾರೆ. ಹುಟ್ಟುವುದಿಲ್ಲ. ನನ್ನನ್ನು ಕೇಳಿದಾಗ ಎದೆ ಹಗುರ ಆಗಿದ್ದು ನನಗೇ ಗೊತ್ತು.

ಇನ್ನೊಂದು ಬೇಸರವೂ ಇದೆ

ಎಲ್ಲ ಬೇಸರವೂ ಖಿನ್ನತೆ ಅಲ್ಲ. ದಿನಾ ಬೆರಳು ಚುಚ್ಚಿ, ದಿನಾ ಪಥ್ಯ ಮಾಡಿ, ಮದುವೆಗೆ ಹೋದಲ್ಲೆಲ್ಲ "ನಿಮಗೆ ಶುಗರ್ ಅಲ್ವಾ, ಹೋಳಿಗೆ ಬೇಡ" ಅನ್ನಿಸಿಕೊಂಡು ಸಾಕಾಗಿರುತ್ತದೆ. ಇದು ಕಾಯಿಲೆ ತಂದ ಬೇಸರ. ಡಾಕ್ಟರುಗಳೂ ಇದನ್ನು ಬೇರೆಯಾಗಿಯೇ ಎಣಿಸುತ್ತಾರೆ. ನನ್ನ ಅಳತೆಗೋಲು ಇದು: ನಾಳೆ ಬೆಳಿಗ್ಗೆ ಶುಗರ್ ಪೂರ್ತಿ ಹೋಯಿತು ಅಂದುಕೊಳ್ಳಿ. ಮನಸ್ಸು ಹಗುರ ಆಗುತ್ತದಾ? ಹೌದು ಅಂದರೆ ಬಹುಶಃ ಇದು ಕಾಯಿಲೆಯ ಬೇಸರ. ಅದಕ್ಕೆ ಗುಳಿಗೆಗಿಂತ ಭಾರ ಇಳಿಸುವುದು ಮದ್ದು. ಚುಚ್ಚುವ ಸಲ ಕಮ್ಮಿ ಮಾಡಬಹುದಾ, ಸೂಜಿಯ ಹೊತ್ತು ಬದಲಿಸಬಹುದಾ ಎಂದು ಡಾಕ್ಟರನ್ನು ಕೇಳಿ. ಶುಗರ್ ಹೋದರೂ ಅಷ್ಟೆ, ಇದ್ದರೂ ಅಷ್ಟೆ ಅನ್ನಿಸಿದರೆ ವಿಷಯ ಬೇರೆ. ನನಗೆ ಹಾಗೆಯೇ ಅನ್ನಿಸಿತ್ತು.

ಕಾಲಂ ಎಳೆಯುವುದು

ಈಗ ನನ್ನ ಕಸುಬಿನ ಮಾತು. ಉದ್ದನೆಯ ಒಂದು ವಹಿ ತನ್ನಿ. ಫೋನಿನಲ್ಲಿ ಬರೆಯುವವರು ಬರೆಯಲಿ, ನನಗೆ ಅದರ ಮೇಲೆ ನಂಬಿಕೆ ಇಲ್ಲ. ಫೋನ್ ತೆಗೆದರೆ ಮೂರು ವಿಡಿಯೋ ನೋಡಿ ಇಡುತ್ತೇವೆ, ಬರೆಯುವುದು ಮರೆಯುತ್ತದೆ.

ಆರು ಕಾಲಂ ಎಳೆಯಿರಿ. ತಾರೀಖು. ಮನಸ್ಸು. ಶುಗರ್. ಗುಳಿಗೆ-ಸೂಜಿ. ನಿದ್ದೆ ಎಷ್ಟು ತಾಸು. ಕಡೆಗೆ ಷರಾ. ಮನಸ್ಸಿಗೆ 0ರಿಂದ 10ರ ಒಳಗೆ ಒಂದು ಅಂಕ. 0 ಅಂದರೆ ಹಾಸಿಗೆ ಬಿಟ್ಟು ಏಳಲಾಗದ ದಿನ, 10 ಅಂದರೆ ಮಗಳ ಮದುವೆ ಸುಸೂತ್ರ ಆದ ದಿನ. ಗುಳಿಗೆ ಕಾಲಂನಲ್ಲಿ ನಿಜ ಬರೆಯಿರಿ. ಬಿಟ್ಟಿದ್ದರೆ "ಬಿಟ್ಟೆ" ಎಂದೇ ಬರೆಯಿರಿ. ಸುಳ್ಳು ಕೀರ್ದಿ ಬರೆಯುವುದು ಸಾಲಗಾರನಿಗೆ ಮೋಸ ಮಾಡಲು. ಇಲ್ಲಿ ಸಾಲಗಾರನೂ ನೀವೇ, ಸಾವ್ಕಾರನೂ ನೀವೇ.

ಮನಸ್ಸಿನ ಕಾಲಂ ಶುಗರಿಗಿಂತ ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. ಶುರುವಿನಲ್ಲಿ ನಾನು ಬೆರಳು ಚುಚ್ಚಿ ಅಂಕಿ ನೋಡಿದ ಮೇಲೆ ಮನಸ್ಸು ಬರೆಯುತ್ತಿದ್ದೆ. 210 ಕಂಡರೆ ಮನಸ್ಸೂ 3ಕ್ಕೆ ಇಳಿಯುತ್ತಿತ್ತು. 130 ಕಂಡರೆ 7. ಮೀಟರ್ ಹೇಳಿದ್ದನ್ನೇ ಮನಸ್ಸು ನಕಲು ಮಾಡುತ್ತಿತ್ತು. ಒಂದು ವಾರ ಆದಮೇಲೆ ಹೊಳೆಯಿತು. ಅಂದಿನಿಂದ ಎದ್ದು ಮುಖ ತೊಳೆದು ಮೊದಲು ಮನಸ್ಸಿನ ಅಂಕ, ಆಮೇಲೆ ಚುಚ್ಚುವುದು. ದಿನಾ ಚುಚ್ಚುವ ಅವಶ್ಯಕತೆ ಎಲ್ಲರಿಗೂ ಇಲ್ಲ. ಮೀಟರಿಗೆ ಹಾಕುವ ಪಟ್ಟಿಗೂ ದುಡ್ಡು ಬೀಳುತ್ತದೆ. ಬರೀ ಗುಳಿಗೆಯ ಮೇಲಿರುವವರು ಡಾಕ್ಟರ್ ಹೇಳಿದ ದಿನ ಚುಚ್ಚಿದರೆ ಸಾಕು. ಮನಸ್ಸು ಬರೆಯುವುದಕ್ಕೆ ದುಡ್ಡಿಲ್ಲ, ಅದನ್ನು ದಿನಾ ಬರೆಯಿರಿ.

ಷರಾ ಅಂದರೆ ಒಂದೇ ಮಾತು. "ಮಗ ಫೋನ್ ಮಾಡಿದ." "ಕಾಲು ಉರಿ." "ಕರೆಂಟ್ ಇಲ್ಲ." ಪುರಾಣ ಬೇಡ. ಪುರಾಣ ಬರೆಯಲು ಕೂತವರು ಮೂರನೇ ದಿನಕ್ಕೆ ಬಿಡುತ್ತಾರೆ.

ಹದಿನೈದು ದಿನ ತಿರುಗಿ ನೋಡಬೇಡಿ. ಹದಿನಾರನೆಯ ದಿನ ಕೂತು ಓದಿ. ಹುಡುಕಬೇಕಾದ್ದು ಒಂದೇ: ಮೊದಲು ಯಾವುದು ಬೀಳುತ್ತದೆ? ನನ್ನ ವಹಿಯಲ್ಲಿ ಕಂಡದ್ದು ಹೀಗೆ. ಭಾನುವಾರ ಮನಸ್ಸು 2 ಅಥವಾ 3. ಭಾನುವಾರ ರಾತ್ರಿಯ ಸೂಜಿ "ಬಿಟ್ಟೆ". ಸೋಮವಾರ ಗುಳಿಗೆ "ಬಿಟ್ಟೆ". ಸೋಮವಾರ, ಮಂಗಳವಾರ ಶುಗರ್ 220ರ ಮೇಲೆ. ಬುಧವಾರದಿಂದ ನಿಧಾನ ಇಳಿಕೆ. ಮತ್ತೆ ಭಾನುವಾರ. ಎರಡು ವಾರವೂ ಅದೇ. ಎರಡು ವರ್ಷ ಬರೀ ಶುಗರ್ ಬರೆದಿದ್ದೆ, ವಾರದ ಲೆಕ್ಕ ಕಂಡಿರಲೇ ಇಲ್ಲ.

ನಿಮ್ಮದು ಹೀಗೇ ಇರಬೇಕಿಲ್ಲ. ಕೆಲವರಿಗೆ ಶುಗರ್ ಮೊದಲು ಕೆಡುತ್ತದೆ, ಮನಸ್ಸು ಹಿಂದೆ ಬರುತ್ತದೆ. ನಮ್ಮೂರಿನ ಬೇಸಿಗೆಗೆ ಇದನ್ನು ವಿಶೇಷವಾಗಿ ನೋಡಬೇಕು. ಮೇ ತಿಂಗಳಲ್ಲಿ 42, 43 ಡಿಗ್ರಿ. ಕರೆಂಟ್ ಹೋಗಿ ಫ್ರಿಜ್ ಬಿಸಿಯಾದರೆ, ಸೀಸೆಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ಮರೆತರೆ ಇನ್ಸುಲಿನ್ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಸೂಜಿ ತಗೊಂಡರೂ ಶುಗರ್ ಇಳಿಯುವುದಿಲ್ಲ. ಮನುಷ್ಯ "ನನ್ನ ಹಣೆಬರಹವೇ ಇಷ್ಟು" ಎಂದು ಕೈಚೆಲ್ಲುತ್ತಾನೆ. ಹಣೆಬರಹ ಅಲ್ಲ, ಸೀಸೆ ಕೆಟ್ಟಿದೆ. ಫ್ರಿಜ್ ಇಲ್ಲದವರು ಮಣ್ಣಿನ ಗಡಿಗೆಯಲ್ಲಿ ಸ್ವಲ್ಪ ನೀರು ಹಾಕಿ, ಸೀಸೆಗೆ ನೀರು ತಾಗದ ಹಾಗೆ ಡಬ್ಬಿಯಲ್ಲಿಟ್ಟು, ನೆರಳಿನಲ್ಲಿ ಇಡಬಹುದು. ಫ್ರೀಜರಿನಲ್ಲಿ ಮಾತ್ರ ಇಡಬಾರದು, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು.

ಡಾಕ್ಟರ ಮುಂದೆ ಐದು ನಿಮಿಷ

ವಹಿ ತಗೊಂಡು ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಎರಡು ಪುಟ ತಿರುವಿದರು. "ಭಾನುವಾರ ಏನಾಗುತ್ತೆ ನಿಮಗೆ?" ಅಂದರು. ಪಥ್ಯದ ಮಾತೇ ಇಲ್ಲ. ನನಗೆ ಮಾತು ಬರಲಿಲ್ಲ. ಭಾನುವಾರ ಮಿಲ್ಲಿಗೆ ರಜೆ. ಮಗ ಬೆಂಗಳೂರಿಗೆ ಹೋದಮೇಲೆ ಆ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ನನಗೆ ಮಾಡಲು ಏನೂ ಇರಲಿಲ್ಲ.

ನಮ್ಮಲ್ಲಿ ಒಬ್ಬ ರೋಗಿಗೆ ಸಿಗುವ ಹೊತ್ತು ಕಡಿಮೆ. ಹೊರಗೆ ನಲವತ್ತು ಜನ ಕೂತಿರುತ್ತಾರೆ. ಹಾಗಾಗಿ ಕೂತ ಕೂಡಲೇ ಮುಖ್ಯ ಮಾತು ಹೇಳಿ. ಮೊದಲ ಮಾತು: "ಡಾಕ್ಟ್ರೇ, ಶುಗರಿನ ಜೊತೆ ಮನಸ್ಸಿಗೂ ಆರಾಮ್ ಇಲ್ಲ, ಒಂದು ತಿಂಗಳಾಯಿತು." ಎರಡನೆಯದು: "ವಾರದಲ್ಲಿ ಎರಡು ಸಲ ಗುಳಿಗೆ ಬಿಡ್ತಿದ್ದೀನಿ." ಇದನ್ನು ಹೇಳದಿದ್ದರೆ ಅವರು ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದು ತಿಳಿದು ಇನ್ನೂ ಜಾಸ್ತಿ ಬರೆಯುತ್ತಾರೆ. ನನಗೆ ಆದದ್ದು ಅದೇ. ಮೂರನೆಯದು: ವಹಿ ಮುಂದೆ ಇಡಿ.

ಕೆಲವು ರಕ್ತ ಪರೀಕ್ಷೆ ಮಾಡಿಸಬೇಕಾ ಎಂದು ಕೇಳಿ. ಥೈರಾಯ್ಡ್ ಕಮ್ಮಿ ಇದ್ದರೆ ಥೇಟ್ ಖಿನ್ನತೆಯ ಹಾಗೇ ಕಾಣುತ್ತದೆ. ರಕ್ತ ಕಮ್ಮಿ ಇದ್ದರೂ ಅಷ್ಟೆ. ಬಿ12 ಮರೆಯಲೇಬೇಡಿ. ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತಗೊಂಡರೆ ಬಿ12 ಇಳಿಯಬಹುದು. ಶಾಖಾಹಾರಿಗಳಿಗೆ ಮೊದಲೇ ಕಮ್ಮಿ ಇರುತ್ತದೆ. ಬಿ12 ಕಮ್ಮಿಯಾದರೆ ಸುಸ್ತು, ಮರೆವು, ಮಂಕು, ಕಾಲು ಜೋಮು. ನನ್ನದೂ ಕಮ್ಮಿ ಇತ್ತು. ಅದನ್ನು ತುಂಬಿದ ಮೇಲೆ ಜೋಮು ಅರ್ಧ ಇಳಿಯಿತು, ಬೇಸರ ಅಷ್ಟಾಗಿ ಇಳಿಯಲಿಲ್ಲ. ಮೆಟ್‌ಫಾರ್ಮಿನ್ ಕೆಟ್ಟದ್ದು ಎಂದು ಇದರ ಅರ್ಥ ಅಲ್ಲ. ಬಿಡಬೇಡಿ, ಬಿ12 ನೋಡಿಸಿಕೊಳ್ಳಿ.

ಗಂಡಸರಿಗೆ ಒಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಹಾಸಿಗೆಯ ತೊಂದರೆ ಶುಗರಿನಿಂದಲೂ ಬರುತ್ತದೆ, ಖಿನ್ನತೆಯಿಂದಲೂ ಬರುತ್ತದೆ, ಕೆಲವು ಗುಳಿಗೆಯಿಂದಲೂ ಬರುತ್ತದೆ. ಇದಕ್ಕೆ ಮದ್ದಿದೆ. ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ನಂಬರಿಗೆ ಫೋನ್ ಮಾಡಬೇಡಿ, ನಿಮ್ಮ ಡಾಕ್ಟರಿಗೇ ಹೇಳಿ.

ಎಲ್ಲಿ ಹೋಗಬೇಕು? ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಸರ್ಕಾರಿ ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಸೇಡಂ, ಚಿಂಚೋಳಿ, ಆಳಂದದವರು ಊರು ಬಿಟ್ಟು ಬರುವ ಮುಂಚೆ ಅಲ್ಲೇ ಒಂದು ಸಲ ವಿಚಾರಿಸಿ. ಮನೋವೈದ್ಯರ ಬಾಗಿಲಲ್ಲಿ ಯಾರಾದರೂ ನೋಡಿದರೆ ಎಂಬ ಅಂಜಿಕೆ ನನಗೂ ಇತ್ತು. ನೋಡಿದರು. ನೋಡಿದವರೂ ಅಲ್ಲಿಗೇ ಬಂದಿದ್ದರು.

ಗುಳಿಗೆಯ ಮಾತು

ಇದರ ಬಗ್ಗೆ ಗಂಜಿನಲ್ಲಿ ಕೇಳಿದಷ್ಟು ಸುಳ್ಳು ಬೇರೆ ಯಾವುದರ ಬಗ್ಗೆಯೂ ಕೇಳಿಲ್ಲ. "ನಿದ್ದಿ ಗುಳಿಗಿ ಅವು, ಚಟ ಹತ್ತತಾವ" ಅನ್ನುತ್ತಾರೆ. ಖಿನ್ನತೆಯ ಗುಳಿಗೆ ನಿದ್ದೆ ಗುಳಿಗೆ ಅಲ್ಲ. ಚಟ ಹತ್ತುವುದಿಲ್ಲ. ಆದರೆ ತಟ್ಟನೆ ಬಿಟ್ಟರೆ ತಲೆ ಸುತ್ತುವುದು, ಚಡಪಡಿಕೆ ಆಗುತ್ತದೆ, ಅದಕ್ಕೇ ಡಾಕ್ಟರ್ ಹೇಳಿದ ಹಾಗೆ ನಿಧಾನ ಇಳಿಸಬೇಕು. ತಗೊಂಡ ಮರುದಿನವೇ ಗುಣ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣಕ್ಕೆ ಇನ್ನೂ ಜಾಸ್ತಿ. ಬಹಳ ಜನ ಹತ್ತನೇ ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡುತ್ತಾರೆ. ಆರಾಮ್ ಆದಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಲು ಹೇಳುತ್ತಾರೆ.

ಶುಗರ್ ಇದೆ ಎಂದು ಮನೋವೈದ್ಯರಿಗೆ ಮರೆಯದೆ ಹೇಳಿ. ಕೆಲವು ಗುಳಿಗೆ ತೂಕ ಏರಿಸುತ್ತವೆ, ಶುಗರ್ ಏರಿಸುತ್ತವೆ. ಫ್ಲುವೊಕ್ಸೆಟಿನ್‌ನಂಥವು ಶುಗರನ್ನು ಸ್ವಲ್ಪ ಇಳಿಸಲೂಬಹುದು. ಹಾಗಾಗಿ ಶುರುವಿನ ವಾರಗಳಲ್ಲಿ ಮೀಟರ್ ಜಾಸ್ತಿ ಬಳಸಿ, ಇನ್ಸುಲಿನ್ ತಗೊಳ್ಳುವವರಂತೂ ಖಂಡಿತ. ಕಾಲು ಉರಿ ಇರುವವರಿಗೆ ಡುಲೋಕ್ಸೆಟಿನ್ ಅನ್ನುವ ಗುಳಿಗೆ ಉರಿಗೂ ಆಗುತ್ತದೆ, ಬೇಸರಕ್ಕೂ ಆಗುತ್ತದೆ. ಒಂದು ಚೀಲದ ಬಾಡಿಗೆಯಲ್ಲಿ ಎರಡು ಚೀಲ ಸಾಗಿಸಿದ ಹಾಗೆ. ಎಲ್ಲರಿಗೂ ಗುಳಿಗೆಯೇ ಬೇಕು ಎಂದೂ ಇಲ್ಲ. ಸ್ವಲ್ಪ ಇರುವವರಿಗೆ ಮಾತಿನ ಚಿಕಿತ್ಸೆಯೇ ಸಾಕಾಗಬಹುದು.

ಅಂಕಿ ಬೇಕು ಅನ್ನುವವರಿಗೆ ಒಂದು ಅಂಕಿ ಕೊಡುತ್ತೇನೆ. ಭಾರತದ ನಾಲ್ಕು ಕ್ಲಿನಿಕ್ಕುಗಳಲ್ಲಿ ಶುಗರೂ ಖಿನ್ನತೆಯೂ ಇದ್ದ 404 ಜನರ ಮೇಲೆ ಒಂದು ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಉಳಿದವರಿಗೆ ಶುಗರ್ ಮತ್ತು ಮನಸ್ಸು ಎರಡನ್ನೂ ಒಟ್ಟಿಗೆ ನೋಡುವ ಏರ್ಪಾಡು. ಡಾಕ್ಟರ್ ಅಲ್ಲದ ಒಬ್ಬ ಸಹಾಯಕರು ಅವರ ಎರಡೂ ಲೆಕ್ಕವನ್ನು ಬಿಡದೆ ನೋಡುತ್ತಿದ್ದರು. ಎರಡು ವರ್ಷದ ಕಡೆಗೆ, ಖಿನ್ನತೆ ಅರ್ಧಕ್ಕೆ ಇಳಿದು ಜೊತೆಗೆ ಶುಗರ್, ಬಿಪಿ, ಕೊಬ್ಬು ಇವುಗಳಲ್ಲಿ ಒಂದಾದರೂ ಸುಧಾರಿಸಿದವರು ಆ ಗುಂಪಿನಲ್ಲಿ 100ಕ್ಕೆ ಸುಮಾರು 72, ಮಾಮೂಲಿ ಗುಂಪಿನಲ್ಲಿ 57. ಇದನ್ನು ಕೇಳಿ ನನಗೆ ಸ್ವಲ್ಪ ಜಂಬ ಬಂತು. ಆ ಸಹಾಯಕರ ಕೆಲಸ ಅಂದರೆ ಮುನೀಮನ ಕೆಲಸವೇ ಅಲ್ವಾ?

ಭಾನುವಾರ ತುಂಬುವುದು

ಮನಸ್ಸು ಬಂದಮೇಲೆ ಮಾಡುತ್ತೇನೆ ಎಂದು ಕೂತರೆ ಮನಸ್ಸು ಬರುವುದಿಲ್ಲ. ಮೊದಲು ಕೆಲಸ, ಮನಸ್ಸು ಹಿಂದಿನಿಂದ ಬರುತ್ತದೆ. ಆದರೆ ಕೆಲಸ ಸಣ್ಣದಿರಬೇಕು. "ದಿನಾ ಒಂದು ತಾಸು ನಡೆಯುತ್ತೇನೆ" ಅಂದವನು ಎರಡನೇ ದಿನ ಸೋಲುತ್ತಾನೆ, ಸೋತಿದ್ದಕ್ಕೆ ಇನ್ನಷ್ಟು ಕುಗ್ಗುತ್ತಾನೆ. ನಾನು ಚಪ್ಪಲಿ ಹಾಕಿಕೊಂಡು ಓಣಿಯ ತಿರುವಿನವರೆಗೆ ಹೋಗಿ ಬರುವುದರಿಂದ ಶುರು ಮಾಡಿದೆ. ಈಗ ಬೆಳಿಗ್ಗೆ ಐದೂವರೆಗೆ ಅಪ್ಪನ ಕೆರೆಯ ಕಡೆ ಅರ್ಧ ತಾಸು, ವಾರಕ್ಕೆ ಐದು ದಿನ. ವಾರಕ್ಕೆ 150 ನಿಮಿಷ ಎಂದು ಡಾಕ್ಟರುಗಳು ಹೇಳುವ ಲೆಕ್ಕ ಅಲ್ಲಿಗೆ ತುಂಬುತ್ತದೆ. ಬೇಸಿಗೆಯಲ್ಲಿ ಏಳರ ಮೇಲೆ ನಮ್ಮೂರಲ್ಲಿ ನಡೆಯುವುದು ಮಾತಿಲ್ಲ.

ಭಾನುವಾರ ಹತ್ತು ಗಂಟೆಗೆ ಓಣಿಯ ಇಬ್ಬರು ಹುಡುಗರಿಗೆ ಲೆಕ್ಕ ಹೇಳಿಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ. ಹುಡುಗರು ಬಾಗಿಲು ಬಡಿಯುತ್ತಾರೆ, ಏಳಲೇಬೇಕು. ನಿಮಗೂ ಬಾಗಿಲು ಬಡಿಯುವವರು ಯಾರಾದರೂ ಇರಲಿ.

ಊಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಎರಡೇ ಮಾತು ಹೇಳುತ್ತೇನೆ. ಜೋಳದ ರೊಟ್ಟಿ ಒಳ್ಳೆಯದು ನಿಜ, ನಾಲ್ಕು ತಿಂದರೆ ನಾಲ್ಕರ ಶುಗರ್ ಏರುತ್ತದೆ. ಮತ್ತೆ ಪಥ್ಯದ ನೆಪದಲ್ಲಿ ಹಬ್ಬ ತಪ್ಪಿಸಬೇಡಿ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಕರೆದರೆ ಹೋಗಿ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ತಿನ್ನಿ, ಸಿಹಿ ಅರ್ಧ ತಗೊಳ್ಳಿ. ಎರಡು ವರ್ಷ ನಾನು "ಶುಗರ್ ಅದ" ಎಂದು ಹೊಲಕ್ಕೆ ಹೋಗಲಿಲ್ಲ. ಅದು ಶುಗರಿನ ನೆಪ, ಜನರ ಮುಖ ನೋಡಲು ಆಗುತ್ತಿರಲಿಲ್ಲ. ರಮಜಾನ್ ರೋಜಾ ಇರುವವರು ತಿಂಗಳು ಮುಂಚೆಯೇ ಡಾಕ್ಟರನ್ನು ಕಂಡು ಗುಳಿಗೆ, ಸೂಜಿಯ ಹೊತ್ತು ಬದಲಿಸಿಕೊಳ್ಳಿ, ಮನಸ್ಸಿನ ಗುಳಿಗೆಯದ್ದೂ ಸೇರಿಸಿ.

ಮನೆಯವರಿಗೆ

"ಧೈರ್ಯ ತಗೋರಿ" ಅನ್ನಬೇಡಿ. ಧೈರ್ಯ ಅಂಗಡಿಯಲ್ಲಿ ಸಿಗುವುದಿಲ್ಲ. "ನಿಮಗೇನು ಕಮ್ಮಿ ಆಗ್ಯಾದ?" ಅನ್ನಬೇಡಿ. ತಟ್ಟೆಗೆ ಕಾವಲು ಕೂರಬೇಡಿ. ನಮ್ಮ ತಂಗಿ ಊರಿಂದ ಬಂದಾಗಲೆಲ್ಲ "ಅಣ್ಣಾ, ಅನ್ನ ಯಾಕ ಹಾಕ್ಕೊಂಡಿ?" ಅನ್ನುತ್ತಿದ್ದಳು. ಪ್ರೀತಿಯಿಂದಲೇ. ಅವಳು ಹೋದಮೇಲೆ ನಾನು ಎದ್ದು ಇನ್ನಷ್ಟು ತಿನ್ನುತ್ತಿದ್ದೆ.

ನನಗೆ ಉಪಯೋಗ ಆದದ್ದು ಹೇಳುತ್ತೇನೆ. ಹೆಂಡತಿ ಗುಳಿಗೆ ತಂದು ಕೈಗೆ ಕೊಡುವುದನ್ನು ಬಿಟ್ಟು, ಇಬ್ಬರ ಚಹಾ ತಂದು ಪಕ್ಕದಲ್ಲಿ ಕೂರತೊಡಗಿದಳು. ನನ್ನದು ಸಕ್ಕರೆ ಇಲ್ಲದ್ದು. ಅವಳೂ ಸಕ್ಕರೆ ಬಿಟ್ಟಳು, ನಾನು ಕೇಳಿರಲಿಲ್ಲ. ಡಬ್ಬಿ ನಡುವೆ ಇರುತ್ತಿತ್ತು. "ಇವತ್ತು ಎಷ್ಟು?" ಅನ್ನುವಳು. ಶುಗರ್ ಅಲ್ಲ, ಮನಸ್ಸಿನ ಅಂಕ. "ನಾಲ್ಕು." "ನಿನ್ನಿ ಮೂರಿತ್ತು." ಅಷ್ಟೇ ಮಾತು. ಮೊದಲ ಎರಡು ಸಲ ಆಸ್ಪತ್ರೆಗೆ ಜೊತೆಗೆ ಬಂದಳು. ನಾನು ಹೇಳಲು ಹಿಂಜರಿದಿದ್ದನ್ನು ಡಾಕ್ಟರಿಗೆ ಅವಳು ಹೇಳಿದಳು.

ಎಂಟು ತಿಂಗಳಿಗೆ ಮೂರು ತಿಂಗಳ ಶುಗರ್ 7.8ಕ್ಕೆ ಬಂತು. ಒಂಬತ್ತು ಪ್ರಶ್ನೆಯ ಅಂಕ 16ರಿಂದ 6. ನಡುವೆ ಒಂದು ಸಲ ಮತ್ತೆ ಬಿದ್ದೆ, ಅಮ್ಮ ಹೋದಾಗ. ವಹಿಯಲ್ಲಿ ಆ ಹನ್ನೊಂದು ದಿನ ಖಾಲಿ ಇದೆ. ಖಾಲಿ ಬಿಟ್ಟ ಸಾಲುಗಳನ್ನು ಆಮೇಲೆ ತುಂಬಲು ಹೋಗಬೇಡಿ, ಬರೆಯಲು ಆಗಲಿಲ್ಲ ಅನ್ನುವುದೂ ಡಾಕ್ಟರಿಗೆ ಒಂದು ಷರಾ.

ಹೋದ ವರ್ಷ ದೀಪಾವಳಿಗೆ ಹೊಸ ವಹಿ ತರಲು ಹಳೆಯದನ್ನು ಮುಚ್ಚುವಾಗ ಹಿಂದಿನ ಪುಟ ತೆರೆಯಿತು. ಅಲ್ಲಿ ಬೇರೆ ಕೈಬರಹ, ಹೆಂಡತಿಯದು. ಶುಗರ್ ಕಾಲಂ ಇಲ್ಲ, ಅವಳಿಗೆ ಶುಗರ್ ಇಲ್ಲ. ತಾರೀಖು, ನಿದ್ದೆ, ಮನಸ್ಸು. ನಿದ್ದೆ 4. ಮನಸ್ಸು 3. ನಿದ್ದೆ 4. ಮನಸ್ಸು 3. ಇಪ್ಪತ್ತು ದಿನದ್ದು ಇತ್ತು. ನಾನು ಏನೂ ಕೇಳದೆ ಚಹಾ ಮಾಡಿ ತಂದು ಪಕ್ಕದಲ್ಲಿ ಕೂತೆ. ಮುಂದಿನ ವಾರ ಆಸ್ಪತ್ರೆಯಲ್ಲಿ ಎರಡು ಚೀಟಿ ಮಾಡಿಸಿದೆವು.